ಗಂಟೆಯ ಇನ್ನೊಂದು ತುದಿ

ಬಾಗಿಲು ತೆರೆದೊಡನೆ ತಾನಾಗಿ ಬಡಿದುಕೊಳ್ಳುವ ವಿದ್ಯುತ್ ಗಂಟೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1853ರ ಜೂನ್ 21ರಂದು. ಪಡೆದವನು ಎಂಜಿನಿಯರನೂ ಅಲ್ಲ, ಬೀಗದ ವ್ಯಾಪಾರಿಯೂ ಅಲ್ಲ. ಬಾಸ್ಟನ್ನಿಗೆ ಅಂಟಿಕೊಂಡ ಸಾಮರ್‌ವಿಲ್ ಎಂಬ ಊರಿನ ಯೂನಿಟೇರಿಯನ್ ಪಾದ್ರಿ, ಅಗಸ್ಟಸ್ ರಸೆಲ್ ಪೋಪ್. ಪಾದ್ರಿಯೊಬ್ಬನ ತಲೆಗೆ ತಂತಿ, ಬ್ಯಾಟರಿಗಳ ಗೀಳು ಹತ್ತಿದ್ದರಲ್ಲಿ ಆ ಕಾಲಕ್ಕೆ ವಿಚಿತ್ರವೇನೂ ಇರಲಿಲ್ಲ. ಉದ್ದನೆಯ ತಂತಿಯ ಆಚೆ ತುದಿಯಲ್ಲಿದ್ದ ಗಂಟೆಯನ್ನು ವಿದ್ಯುತ್ಕಾಂತದಿಂದ ಬಾರಿಸಬಹುದೆಂದು ಜೋಸೆಫ್ ಹೆನ್ರಿ 1831ರಲ್ಲೇ ಆಲ್ಬನಿಯಲ್ಲಿ ತೋರಿಸಿದ್ದ. 1844ರಲ್ಲಿ ಮೋರ್ಸ್‌ನ ಟೆಲಿಗ್ರಾಫ್ ತಂತಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ವರೆಗೆ ಮಾತಾಡಿತು. ಪೋಪ್‌ನ ಪೇಟೆಂಟಿಗೆ ಒಂದು ವರ್ಷ ಮುಂಚೆ, 1852ರಲ್ಲಿ, ಚಾನಿಂಗ್ ಮತ್ತು ಫಾರ್ಮರ್ ಎಂಬ ಇಬ್ಬರು ಸೇರಿ ಬಾಸ್ಟನ್ ನಗರಕ್ಕೆ ಬೆಂಕಿಯ ಸುದ್ದಿ ಮುಟ್ಟಿಸುವ ಟೆಲಿಗ್ರಾಫ್ ಜಾಲವನ್ನೇ ಹಾಕಿದ್ದರು. ಬೀದಿಯ ಬೆಂಕಿಗೆ ತಂತಿ ಬಂದ ಮೇಲೆ ಮನೆಯ ಕಳ್ಳನಿಗೆ ಬರುವುದು ಬಹಳ ದೂರವಿರಲಿಲ್ಲ.

ಪೋಪ್‌ನ ಜೋಡಣೆ ಸರಳ. ಪ್ರತಿಯೊಂದು ಬಾಗಿಲಿಗೂ ಕಿಟಕಿಗೂ ಒಂದೊಂದು ಸ್ವಿಚ್ಚು. ಎಲ್ಲವೂ ಬೇರೆಬೇರೆ ಕವಲುಗಳಾಗಿ ಒಂದೇ ಬ್ಯಾಟರಿಗೆ ಸೇರುತ್ತವೆ. ಬಾಗಿಲು ಮುಚ್ಚಿದ್ದಾಗ ವಿದ್ಯುತ್ತಿನ ದಾರಿ ಕಡಿದಿರುತ್ತದೆ. ತೆರೆದರೆ ದಾರಿ ಕೂಡಿಕೊಂಡು ವಿದ್ಯುತ್ಕಾಂತ ಅದುರಲು ಶುರುವಾಗುತ್ತದೆ, ಆ ಅದುರಾಟಕ್ಕೆ ಒಂದು ಪುಟ್ಟ ಸುತ್ತಿಗೆ ಹಿತ್ತಾಳೆಯ ಗಂಟೆಯನ್ನು ಬಡಿಯುತ್ತದೆ. ಇದರಲ್ಲಿ ಮೆಚ್ಚಬೇಕಾದದ್ದು ಇನ್ನೊಂದು ಸಣ್ಣ ಭಾಗ. ಗಾಬರಿಬಿದ್ದ ಕಳ್ಳ ಬಾಗಿಲನ್ನು ಮತ್ತೆ ಮುಚ್ಚಿದರೂ ಗಂಟೆ ನಿಲ್ಲುತ್ತಿರಲಿಲ್ಲ. ಬಾಗಿಲ ಮೇಲ್ಗಡೆ ಗೋಡೆಗೆ ಬಡಿದಿದ್ದ ಸ್ಪ್ರಿಂಗ್ ಸ್ವಿಚ್ಚು ಒಮ್ಮೆ ಕೂಡಿದ ದಾರಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಇಂದಿನ ಪ್ಯಾನೆಲ್ಲುಗಳೂ ಇದೇ ಗುಣದವು. ಸರಿಯಾದ ಅಂಕಿ ಒತ್ತುವವರೆಗೆ, ಬಾಗಿಲು ಮುಚ್ಚಿದರೂ ಅವು ಸುಮ್ಮನಾಗುವುದಿಲ್ಲ.

ಆದರೆ ಆ ಯಂತ್ರದಲ್ಲಿ ಎರಡು ಕೊರತೆಗಳಿದ್ದವು, ಮುಂದಿನ ನೂರೈವತ್ತು ವರ್ಷ ಈ ಉದ್ಯಮ ಹೆಣಗಿದ್ದು ಅವೆರಡರ ಜೊತೆಗೇ. ಒಂದು, ತಂತಿ ಕತ್ತರಿಸಿದರೆ ಗಂಟೆ ಮೂಕ. ಇನ್ನೊಂದು, ಗಂಟೆ ಹೊಡೆದರೂ ಅದನ್ನು ಕೇಳಿ ಎದ್ದು ಬರುವವರು ಬೇಕು. ಮನೆಯವರು ಊರಲ್ಲಿಲ್ಲದಿದ್ದರೆ ಅದು ಬರೀ ಸದ್ದು.

ಮೊದಲನೆಯದಕ್ಕೆ ಮದ್ದು ಸಿಕ್ಕಿತು. ಜೋಡಣೆಯನ್ನು ತಲೆಕೆಳಗು ಮಾಡಿದರಾಯಿತು: ತಂತಿಯಲ್ಲಿ ಸದಾ ಸಣ್ಣ ವಿದ್ಯುತ್ತು ಹರಿಯುತ್ತಿರಲಿ, ಅದು ನಿಂತರೆ ಗಂಟೆ ಹೊಡೆಯಲಿ. ಆಗ ಬಾಗಿಲು ತೆರೆದರೂ ಅಪಾಯ, ತಂತಿ ಕತ್ತರಿಸಿದರೂ ಅಪಾಯ, ಬ್ಯಾಟರಿ ಸತ್ತರೂ ಎಚ್ಚರಿಕೆ. ಚಾಣಾಕ್ಷ ಕಳ್ಳ ತಂತಿ ಕಡಿಯದೆ ಎರಡು ಎಳೆಗಳನ್ನು ಅಡ್ಡಲಾಗಿ ಬೆಸೆದು ಬಾಗಿಲನ್ನು ದಾಟಬಹುದಿತ್ತು. ಅದಕ್ಕೂ ಮುಂದೆ ಉತ್ತರ ಬಂತು. ತಂತಿಯ ಕೊನೆಯಲ್ಲಿ ಗೊತ್ತಾದ ಬೆಲೆಯ ಒಂದು ರೆಸಿಸ್ಟರನ್ನು ಕೂರಿಸುತ್ತಾರೆ. ಹರಿವು ಹೆಚ್ಚಿದರೂ ಕಮ್ಮಿಯಾದರೂ ಪ್ಯಾನೆಲ್ಲು ಕೂಗುತ್ತದೆ. ಪುಡಿಗಾಸಿನ ಬಿಡಿಭಾಗ, ಆದರೆ ತಂತಿ ಹಾಕುವವನು ಸೋಮಾರಿಯಾಗಿ ಅದನ್ನು ಕೊನೆಯ ಸ್ವಿಚ್ಚಿನ ಬದಲು ಪ್ಯಾನೆಲ್ಲಿನ ಡಬ್ಬಿಯೊಳಗೇ ಬೆಸೆದುಬಿಟ್ಟರೆ ಅದರ ಉಪಯೋಗವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎರಡನೆಯ ಕೊರತೆಗೆ ಕೈಹಾಕಿದವನು ಎಡ್ವಿನ್ ಹೋಮ್ಸ್. ಬಾಸ್ಟನ್ನಿನಲ್ಲಿ ಸೂಜಿ, ಗುಂಡಿ, ಹೆಂಗಸರ ಅಗಲ ಲಂಗಕ್ಕೆ ಹಾಕುವ ಬಳೆಗಳನ್ನು ಮಾರಿಕೊಂಡಿದ್ದ ಈ ವ್ಯಾಪಾರಿ 1857ರಲ್ಲಿ ಪೋಪ್‌ನಿಂದ ಹಕ್ಕು ಕೊಂಡುಕೊಂಡ. ಮರುವರ್ಷ ಪೋಪ್ ತೀರಿಕೊಂಡ, ಹೋಮ್ಸ್ ವ್ಯಾಪಾರ ಶುರುಮಾಡಿದ. 1859ರಲ್ಲಿ ಅಂಗಡಿಯನ್ನು ನ್ಯೂಯಾರ್ಕಿಗೆ ಎತ್ತಿದ. ದೇಶದ ಕಳ್ಳರೆಲ್ಲ ಅಲ್ಲೇ ಬೀಡುಬಿಟ್ಟಿದ್ದಾರೆಂಬುದು ಅವನ ಲೆಕ್ಕಾಚಾರ. ಯಂತ್ರಗಳನ್ನು ಮಾಡಿಸುತ್ತಿದ್ದದ್ದು ಬಾಸ್ಟನ್ನಿನ ಕೋರ್ಟ್ ಸ್ಟ್ರೀಟಿನ ಚಾರ್ಲ್ಸ್ ವಿಲಿಯಮ್ಸ್ ಎಂಬವನ ಕಾರ್ಖಾನೆಯಲ್ಲಿ. ಮುಂದೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಥಾಮಸ್ ವಾಟ್ಸನ್ ಟೆಲಿಫೋನಿನ ಪ್ರಯೋಗ ಮಾಡಿದ್ದೂ ಅದೇ ಕಾರ್ಖಾನೆಯಲ್ಲಿ. ಈ ನೆರೆಹೊರೆತನ ಆಮೇಲೆ ಫಲ ಕೊಟ್ಟಿತು.

ಆ ಕಾಲದ ಸಿರಿವಂತರ ಮನೆಯಲ್ಲಿ ಅಲಾರಂ ನಡೆಸುವುದೆಂದರೆ ಹೀಗೆ: ಯಜಮಾನನ ಮಲಗುವ ಕೋಣೆಯಲ್ಲಿ ಮರದ ಚೌಕಟ್ಟಿನ ಒಂದು ಫಲಕ. ಅದರಲ್ಲಿ ಹಜಾರದ ಕಿಟಕಿ, ಅಡುಗೆಮನೆಯ ಬಾಗಿಲು ಎಂದು ಒಂದೊಂದಕ್ಕೂ ಒಂದು ಗುರುತು. ಎಲ್ಲಾದರೂ ತೆರೆದರೆ ಗಂಟೆಯ ಜೊತೆಗೆ ಆ ಜಾಗದ ಗುರುತೂ ಬಿದ್ದುಕೊಳ್ಳುತ್ತದೆ, ಕತ್ತಲಲ್ಲಿ ಮನೆಯೆಲ್ಲ ತಡಕಾಡಬೇಕಿಲ್ಲ. ಮಲಗುವ ಮುನ್ನ ಸ್ವಿಚ್ಚು ಹಾಕಬೇಕು, ಬೆಳಿಗ್ಗೆ ತೆಗೆಯಬೇಕು. ಬೆಳಗ್ಗೆ ಆಳುಗಳು ಹಿತ್ತಲ ಬಾಗಿಲು ತೆರೆಯುವ ಹೊತ್ತಿಗೆ ಯಜಮಾನರು ಇನ್ನೂ ಗೊರಕೆ ಹೊಡೆಯುತ್ತಿದ್ದರೆ? ಅದಕ್ಕಾಗಿ ಕೆಲವು ಫಲಕಗಳಿಗೆ ಗಡಿಯಾರವನ್ನೇ ಜೋಡಿಸಿದರು. ಗೊತ್ತುಮಾಡಿದ ಗಂಟೆಗೆ ಅದು ಅಲಾರಮ್ಮನ್ನು ತಾನೇ ಬಿಡಿಸುತ್ತಿತ್ತು. ಅಲಾರಮ್ಮಿನ ತೊಂದರೆಗಳಲ್ಲಿ ಕಳ್ಳನಿಂದ ಬರುವುದಕ್ಕಿಂತ ಮನೆಯವರಿಂದ ಬರುವುದೇ ಹೆಚ್ಚೆಂದು ಆಗಲೇ ತಿಳಿದಿತ್ತು.

ಮನೆಯಲ್ಲಿ ಹೊಡೆಯುವ ಗಂಟೆಯನ್ನು ಮನೆಯಿಂದ ಹೊರಗೆ, ನಿದ್ದೆಗೆಟ್ಟು ಕೂತ ಸಂಬಳದ ಆಳಿನ ಮುಂದೆ ಹೊಡೆಯುವಂತೆ ಮಾಡಿದ್ದು 1870ರ ದಶಕದ ಸಾಧನೆ. ಸ್ಟಾಕ್ ಟಿಕ್ಕರನ್ನು ಕಂಡುಹಿಡಿದಿದ್ದ ಎಡ್ವರ್ಡ್ ಕ್ಯಾಲಹನ್ ಇದರ ಒಂದು ಎಳೆ ಹಿಡಿದ. ಅವನು ಕೆಲಸ ಮಾಡುತ್ತಿದ್ದ ಟೆಲಿಗ್ರಾಫ್ ಕಂಪನಿಯ ಅಧ್ಯಕ್ಷರ ಮನೆಗೆ ಕನ್ನ ಬಿದ್ದ ಮೇಲೆ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ನೆರೆಯ ಐವತ್ತು ಮನೆಗಳನ್ನು ತಂತಿಯಿಂದ ಜೋಡಿಸಿದನೆಂಬ ಕಥೆ ಈ ವೃತ್ತಿಯಲ್ಲಿ ಬಳಕೆಯಲ್ಲಿದೆ. ಇದರಿಂದ ಹುಟ್ಟಿದ್ದು ಅಮೆರಿಕನ್ ಡಿಸ್ಟ್ರಿಕ್ಟ್ ಟೆಲಿಗ್ರಾಫ್, ಇವತ್ತಿಗೂ ಎಡಿಟಿ ಎಂಬ ಮೂರಕ್ಷರದಲ್ಲಿ ಬದುಕಿರುವ ಹೆಸರು. ಊರನ್ನು ವಿಭಾಗಗಳಾಗಿ ಹಂಚಿ ಒಂದೊಂದಕ್ಕೂ ಒಂದು ಕಚೇರಿ ಇಟ್ಟರು. ಚಂದಾದಾರನ ಗೋಡೆಯ ಮೇಲೆ ಎರಕದ ಕಬ್ಬಿಣದ ಪೆಟ್ಟಿಗೆ. ಮುಳ್ಳನ್ನು ಪೊಲೀಸ್, ಬೆಂಕಿ, ಓಲೆಕಾರ ಎಂಬ ಗುರುತುಗಳಲ್ಲಿ ಬೇಕಾದದ್ದಕ್ಕೆ ತಿರುಗಿಸಿ ಹಿಡಿ ಎಳೆದರೆ ಒಳಗಿನ ಕಚ್ಚುಗಾಲಿ ಸ್ಪ್ರಿಂಗಿನ ಬಲದಿಂದ ಗರಗರ ತಿರುಗಿ, ಆ ಮನೆಯ ಸಂಖ್ಯೆಗೆ ತಕ್ಕಂತೆ ತಂತಿಯ ವಿದ್ಯುತ್ತನ್ನು ಕಡಿದು ಕೂಡಿಸುತ್ತಿತ್ತು. ಕಚೇರಿಯ ಕಾಗದದ ಪಟ್ಟಿಯ ಮೇಲೆ ಅಷ್ಟೇ ಗುರುತುಗಳು ಮೂಡುತ್ತಿದ್ದವು. ಅದನ್ನು ಓದಿಕೊಂಡು ಗುಮಾಸ್ತ ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗನನ್ನು ಓಡಿಸುತ್ತಿದ್ದ. ಬಾಲಕಾರ್ಮಿಕರ ಸ್ಥಿತಿಯನ್ನು ದಾಖಲಿಸುತ್ತಿದ್ದ ಲೂಯಿಸ್ ಹೈನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೆಗೆದ ಫೋಟೋಗಳಲ್ಲಿ ಸಮವಸ್ತ್ರದ ಈ ಓಲೆಹುಡುಗರು ಇದ್ದಾರೆ. ಸಿರಿವಂತರ ನೆಮ್ಮದಿಯ ನಿದ್ದೆಗೆ ಯಾರ ನಿದ್ದೆ ಖರ್ಚಾಗುತ್ತಿತ್ತೆಂಬುದು ಆ ಚಿತ್ರಗಳಲ್ಲಿ ಕಾಣುತ್ತದೆ.

ಇನ್ನೊಂದು ಎಳೆ ಹೋಮ್ಸ್ ಮನೆತನದ್ದು. ಬಾಸ್ಟನ್ನಿನ ಬ್ಯಾಂಕುಗಳಿಂದ ಅವರ ಕಚೇರಿಗೆ ಮಾಡುಗಳ ಮೇಲೆ ಎಳೆದ ತಂತಿಗಳಿಗೆ ಕೆಲಸವಿದ್ದದ್ದು ರಾತ್ರಿ ಮಾತ್ರ. ಹಗಲು ಅವು ಸುಮ್ಮನೆ ತೂಗುತ್ತಿದ್ದವು. 1877ರ ಮೇ ತಿಂಗಳಲ್ಲಿ ಎಡ್ವಿನ್‌ನ ಮಗ ಬೆಲ್‌ನಿಂದ ಟೆಲಿಫೋನುಗಳನ್ನು ತಂದು ಅದೇ ತಂತಿಗಳಿಗೆ ಸಿಕ್ಕಿಸಿದ. ಹಗಲು ಮಾತು, ರಾತ್ರಿ ಕಾವಲು. ಟೆಲಿಫೋನ್ ಸ್ವಿಚ್‌ಬೋರ್ಡಿನ ಚರಿತ್ರೆ ಶುರುವಾಗುವುದು ಕಳ್ಳರ ಗಂಟೆಯ ಈ ಕಚೇರಿಯಿಂದ. ಅಲಾರಂ ಟೆಲಿಫೋನನ್ನು ಸಾಕಿತೇ ಹೊರತು ಟೆಲಿಫೋನು ಅಲಾರಮ್ಮನ್ನಲ್ಲ. ಆಮೇಲೆ ಲೆಕ್ಕ ತಿರುಗಿತು. 1905ರಲ್ಲಿ ಹೋಮ್ಸ್ ಕಂಪನಿಯನ್ನು ಟೆಲಿಫೋನ್ ದೈತ್ಯ ಎಟಿ ಅಂಡ್ ಟಿ ಕೊಂಡುಕೊಂಡಿತು.

ಆದರೂ ಮುಂದಿನ ಅರ್ಧ ಶತಮಾನ ಈ ಸೇವೆ ಬ್ಯಾಂಕು, ಒಡವೆ ಅಂಗಡಿ, ಗೋದಾಮುಗಳದ್ದಾಗಿಯೇ ಉಳಿಯಿತು. ಕಾರಣ ಭಯಕ್ಕಿಂತ ವಿಮೆ: ಮಾನ್ಯತೆ ಪಡೆದ ಕಾವಲು ಕೇಂದ್ರಕ್ಕೆ ತಂತಿ ಎಳೆಸಿದ ವ್ಯಾಪಾರಿಗೆ ಕಂತಿನಲ್ಲಿ ರಿಯಾಯಿತಿ ಸಿಗುತ್ತಿತ್ತು. ಸಾಮಾನ್ಯ ಮನೆಗೆ ಅಂಥ ಲಾಭವೂ ಇಲ್ಲ, ತಂತಿಯ ಬಾಡಿಗೆ ಕೊಡುವ ಶಕ್ತಿಯೂ ಇಲ್ಲ. 1966ರ ಜೂನ್‌ನಲ್ಲಿ ಗ್ರಿನೆಲ್ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಗುರುತಿಸಿದ ಪ್ರಕಾರ, ಎಡಿಟಿ, ಹೋಮ್ಸ್ ಮತ್ತು ಇನ್ನೊಂದು ಕಂಪನಿಯ ಮೂಲಕ ಮಾನ್ಯತೆ ಪಡೆದ ಕೇಂದ್ರ ಸೇವೆಯ ಶೇಕಡಾ 87ರಷ್ಟು ಗ್ರಿನೆಲ್ ಎಂಬ ಒಬ್ಬನೇ ಒಡೆಯನ ಕೈಯಲ್ಲಿತ್ತು. ಅದನ್ನು ಏಕಸ್ವಾಮ್ಯವೆಂದು ಕೋರ್ಟು ತೀರ್ಪಿತ್ತಿತು.

ಅದೇ 1966ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನ ಜಮೈಕಾ ಬಡಾವಣೆಯ ನರ್ಸ್ ಒಬ್ಬಾಕೆ, ಮೇರಿ ವ್ಯಾನ್ ಬ್ರಿಟನ್ ಬ್ರೌನ್, ಗಂಡ ಆಲ್ಬರ್ಟ್ ಜೊತೆ ಪೇಟೆಂಟಿಗೆ ಅರ್ಜಿ ಹಾಕಿದಳು. ಇಬ್ಬರದೂ ಹೊತ್ತುಗೊತ್ತಿಲ್ಲದ ಕೆಲಸ. ಅಪರಾತ್ರಿ ಬಾಗಿಲು ಬಡಿದರೆ ತೆರೆಯದೆಯೇ ಯಾರೆಂದು ತಿಳಿಯಬೇಕು. ಬಾಗಿಲಿಗೆ ಎತ್ತರದವರಿಂದ ಮಕ್ಕಳವರೆಗೆ ಒಂದರ ಕೆಳಗೊಂದು ನಾಲ್ಕು ಇಣುಕುರಂಧ್ರಗಳು. ಹಿಂದೆ ಮೋಟಾರಿನಿಂದ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ. ಮಲಗುವ ಕೋಣೆಯಲ್ಲಿ ಟೀವಿ ಪರದೆ, ಮಾತಾಡಲು ಮೈಕು, ಕೂತಲ್ಲಿಂದಲೇ ಚಿಲಕ ತೆಗೆಯುವ ಗುಂಡಿ, ಕಾವಲುಗಾರನನ್ನು ಕರೆಯುವ ಇನ್ನೊಂದು ಗುಂಡಿ. 1969ರ ಡಿಸೆಂಬರ್ 2ರಂದು ಪೇಟೆಂಟ್ ಬಂತು. ಅಷ್ಟೊತ್ತಿಗೂ ಅಲಾರಂ ಬಾಗಿಲು ತೆರೆಯಿತೆಂದಷ್ಟೇ ಹೇಳುತ್ತಿತ್ತು, ತೆರೆದವರು ಯಾರೆಂದು ಹೇಳುತ್ತಿರಲಿಲ್ಲ. ಆ ಪ್ರಶ್ನೆ ಎತ್ತಿದ್ದು ಬ್ರೌನ್ ದಂಪತಿ.

ಮನೆಮನೆಗೆ ಅಲಾರಂ ಇಳಿದದ್ದು ಬಿಡಿಭಾಗಗಳು ಅಗ್ಗವಾದ ಮೇಲೆ. 1936ರಲ್ಲಿ ಬೆಲ್ ಲ್ಯಾಬಿನ ವಾಲ್ಟರ್ ಎಲ್ವುಡ್ ರೂಪಿಸಿದ ರೀಡ್ ಸ್ವಿಚ್ಚು, ಅಂದರೆ ಗಾಜಿನ ಕೊಳವೆಯೊಳಗೆ ಎರಡು ತೆಳುವಾದ ಲೋಹದ ಪಟ್ಟಿ, ಬಾಗಿಲ ಚೌಕಟ್ಟಿಗೆ ಬಂತು. ಕದಕ್ಕೆ ಒಂದು ಆಯಸ್ಕಾಂತ. ಅದು ಹತ್ತಿರವಿದ್ದರೆ ಪಟ್ಟಿಗಳು ಕೂಡಿರುತ್ತವೆ, ದೂರವಾದರೆ ಅಗಲುತ್ತವೆ. ತುಕ್ಕಿಲ್ಲ, ಧೂಳಿಲ್ಲ. ಕೋಣೆಯೊಳಗಿನ ಚಲನೆ ಹಿಡಿಯಲು ಮೊದಲು ಕಿವಿಗೆ ಕೇಳದ ಶಬ್ದದ ಅಲೆ ಬಳಸಿದರು. ಗಾಳಿಗೆ ಪರದೆ ಅಲುಗಿದರೂ ಅದು ಕೂಗುತ್ತಿತ್ತು. ಆಮೇಲೆ ಬಂದ ಇನ್‌ಫ್ರಾರೆಡ್ ಸೆನ್ಸರು ತಾನಾಗಿ ಏನನ್ನೂ ಹೊರಡಿಸದೆ ಮೈಯ ಶಾಖ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವುದನ್ನಷ್ಟೇ ನೋಡುತ್ತದೆ. ಆದ್ದರಿಂದ ನೇರವಾಗಿ ಎದುರು ಬರುವವನಿಗಿಂತ ಅಡ್ಡಲಾಗಿ ಹಾಯುವವನನ್ನು ಅದು ಬೇಗ ಹಿಡಿಯುತ್ತದೆ. ಇದು ಗೊತ್ತಿದ್ದವರು ಅದನ್ನು ಬಾಗಿಲಿಗೆ ಎದುರಾಗಿ ಅಲ್ಲ, ಮೂಲೆಯಲ್ಲಿ ಕೂರಿಸುತ್ತಾರೆ.

ಅಗ್ಗವಾದದ್ದರ ಬೆಲೆ ತೆತ್ತವರು ಪೊಲೀಸರು. ಟೇಪಿನಲ್ಲಿ ಮುದ್ರಿಸಿದ ಸಂದೇಶವನ್ನು ಠಾಣೆಗೆ ತಾನೇ ಫೋನ್ ಮಾಡಿ ಒಪ್ಪಿಸುವ ಡಬ್ಬಿಗಳು ಬಂದಾಗ ಠಾಣೆಯ ಫೋನ್ ಲೈನುಗಳೇ ಕಟ್ಟಿಹೋದವು, ಹಲವು ನಗರಗಳು ಅವನ್ನು ನಿಷೇಧಿಸಿದವು. ಅಮೆರಿಕದ ಪೊಲೀಸರಿಗೆ ಬರುವ ಅಲಾರಂ ಕರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸುಳ್ಳೆಂದು ಅಧ್ಯಯನಗಳು ಮತ್ತೆಮತ್ತೆ ಹೇಳಿವೆ. 2000ದಲ್ಲಿ ಸಾಲ್ಟ್ ಲೇಕ್ ಸಿಟಿ, ಯಾರಾದರೂ ಕಣ್ಣಾರೆ ಕಂಡು ಖಚಿತಪಡಿಸದ ಹೊರತು ಪೊಲೀಸರು ಹೊರಡುವುದಿಲ್ಲವೆಂದು ಕಾನೂನನ್ನೇ ಮಾಡಿತು.

ಸುಳ್ಳು ಗಂಟೆಗೆ ಯಂತ್ರಕ್ಕಿಂತ ಹೆಚ್ಚಾಗಿ ಕಾರಣವಾದದ್ದು ಅದನ್ನು ನಡೆಸುವ ಕೈ. ಹೊರಡುವಾಗ ‘ಅವೇ’ ಗುಂಡಿ ಒತ್ತಿದರೆ ಬಾಗಿಲು, ಕಿಟಕಿ, ಒಳಗಿನ ಚಲನೆ ಎಲ್ಲದರ ಮೇಲೂ ಕಾವಲು. ರಾತ್ರಿ ಮನೆಯಲ್ಲೇ ಇದ್ದು ‘ಸ್ಟೇ’ ಒತ್ತಿದರೆ ಬಾಗಿಲು ಕಿಟಕಿಗಳಿಗೆ ಮಾತ್ರ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಇದರ ಪರೀಕ್ಷೆ ನಡೆಯುವುದು ಊರಿಂದ ಅಪ್ಪ ಅಮ್ಮ ಬಂದ ಮೊದಲ ವಾರ. ಸಮಯದ ವ್ಯತ್ಯಾಸಕ್ಕೆ ನಿದ್ದೆ ಬಾರದೆ ನಾಲ್ಕೂವರೆಗೆ ಎದ್ದವರು ಹಿತ್ತಲಲ್ಲಿ ಹೂ ಕೊಯ್ಯೋಣವೆಂದು ಜಾರುಬಾಗಿಲು ಸರಿಸುತ್ತಾರೆ, ಬೀದಿಯೆಲ್ಲ ಏಳುತ್ತದೆ. ಮಗ ಮಹಡಿಯಿಂದ ಓಡಿಬಂದು ಅಂಕಿ ಒತ್ತುವಷ್ಟರಲ್ಲಿ ಕೇಂದ್ರದಿಂದ ಫೋನು ಬಂದಿರುತ್ತದೆ, ಗುಪ್ತಪದ ಕೇಳುತ್ತಿರುತ್ತಾರೆ. ಇಂಥ ಎಡವಟ್ಟುಗಳಿಗಾಗಿಯೇ ಉದ್ಯಮದ ಸಂಘ ಸಿಪಿ-01 ಎಂಬ ಮಾನದಂಡ ತಂದಿತು. ಒಳಗೆ ಬಂದವನಿಗೆ ಅಂಕಿ ಒತ್ತಲು ಕನಿಷ್ಠ 30 ಸೆಕೆಂಡು, ಹೊರಡುವವನಿಗೆ ಕನಿಷ್ಠ 45. ಗಂಟೆ ಹೊಡೆದ ಮೇಲೂ ಕೇಂದ್ರಕ್ಕೆ ಸುದ್ದಿ ಹೋಗುವ ಮುನ್ನ ರದ್ದುಮಾಡಲು ಇನ್ನೊಂದಿಷ್ಟು ಸಮಯ. ಇದಲ್ಲದೆ ಅನೇಕ ಪ್ಯಾನೆಲ್ಲುಗಳಲ್ಲಿ ಕತ್ತಿಗೆ ಚಾಕು ಹಿಡಿದವನ ಎದುರು ಒತ್ತುವ ಬೇರೆಯೇ ಅಂಕಿಯೊಂದಿರುತ್ತದೆ. ಒತ್ತಿದರೆ ಅಲಾರಂ ನಿಂತಂತೆ ಕಾಣುತ್ತದೆ, ಸುದ್ದಿ ಮಾತ್ರ ಸದ್ದಿಲ್ಲದೆ ಹೋಗುತ್ತದೆ. ರಾತ್ರಿ ಸೀಟಿ ಊದುತ್ತ ಬೀದಿ ಸುತ್ತುವ ಬೆಂಗಳೂರಿನ ಗೂರ್ಖಾನದು ಇದಕ್ಕೆ ತದ್ವಿರುದ್ಧ ತತ್ವ: ಕಳ್ಳನಿಗೆ ಕೇಳಲೆಂದೇ ಅವನು ಊದುವುದು.

ಸುದ್ದಿ ಹೋಗುವ ದಾರಿಯೂ ಬದಲಾಯಿತು. ಟೆಲಿಫೋನ್ ತಂತಿಯ ಜಾಗಕ್ಕೆ ಮೊಬೈಲ್ ಜಾಲ ಬಂತು. 2013ರ ಸುಮಾರಿಗೆ ಬಂದ ಕ್ಯಾಮೆರಾ ಕರೆಗಂಟೆಗಳು ಬಾಗಿಲ ಮುಂದಿನ ಚಿತ್ರವನ್ನು ನೇರ ಯಜಮಾನನ ಜೇಬಿಗೇ ಕಳಿಸಿದವು. ಮೇರಿ ಬ್ರೌನ್ ಕೇಳಿದ್ದ ಪ್ರಶ್ನೆಗೆ ಈಗ ಸಾವಿರಾರು ಮೈಲಿ ದೂರದಲ್ಲಿ ಕೂತೂ ಉತ್ತರ ನೋಡಬಹುದು. ಆದರೆ ಮೊಬೈಲ್ ಜಾಲಕ್ಕೂ ಆಯುಸ್ಸಿದೆ. 2022ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು 3ಜಿ ಜಾಲವನ್ನು ಮುಚ್ಚಿದಾಗ ಅದನ್ನೇ ನೆಚ್ಚಿಕೊಂಡಿದ್ದ ಪ್ಯಾನೆಲ್ಲುಗಳ ರೇಡಿಯೋ ಭಾಗವನ್ನು ಬದಲಿಸಬೇಕಾಯಿತು. ಬದಲಿಸದೆ ಬಿಟ್ಟ ಮನೆಗಳಲ್ಲಿ ಗೋಡೆಯ ಹಸಿರು ದೀಪ ಉರಿಯಬಹುದು, ಅಂಕಿ ಒತ್ತಿದರೆ ಬೀಪ್ ಎನ್ನಬಹುದು, ಬಾಗಿಲು ಒಡೆದರೆ ಸೈರನ್ನೂ ಕೂಗಬಹುದು. ಕೇಂದ್ರಕ್ಕೆ ಮಾತ್ರ ಏನೂ ತಲುಪುವುದಿಲ್ಲ. ಅಂಥ ಮನೆಯ ಅಲಾರಂ ನಿಂತಿರುವುದು ಪಾದ್ರಿ ಪೋಪ್ 1853ರಲ್ಲಿ ಗಂಟೆ ತೂಗುಹಾಕಿದ ಜಾಗದಲ್ಲೇ.