ರಾಮನ್, ಲೇಸರ್ ಮತ್ತು ಕಣ್ಣಿನೊಳಗಿನ ನೇರಳೆ

ಮೂಡಲಗಿಯ ಸುಡುಬಿಸಿಲಿನಲ್ಲಿ ಸಂತೆ ಸುತ್ತಿ ಬಂದು ಮನೆಯ ಒಳಕೋಣೆಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಲೆಯ ಕೊಡ, ಗೂಟಕ್ಕೆ ಹಾಕಿದ ಅಂಗಿ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಬೆಳಕಿಗೆ ಬಿಳಿಚಿಹೋದ ಒಂದು ಪ್ರೋಟೀನು ಅಕ್ಷಿಪಟಲದಲ್ಲಿ ಮತ್ತೆ ಬಣ್ಣ ತುಂಬಿಕೊಳ್ಳಲು ಹಿಡಿಯುವ ಸಮಯ ಅದು. ಅದರ ಹೆಸರು ರೊಡಾಪ್ಸಿನ್. ಬೆಳಕಿನಲ್ಲಿ ಈ ಬಣ್ಣ ಮಾಸುವುದನ್ನು 1876ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಗುರುತಿಸಿದವರು ಜರ್ಮನ್ ವಿಜ್ಞಾನಿ ಫ್ರಾನ್ಸ್ ಬೋಲ್. ಈ ಪ್ರೋಟೀನಿನ ಕಥೆಗೂ ನಮ್ಮ ಬೆಂಗಳೂರಿಗೂ ಒಂದು ವಿಚಿತ್ರ ನಂಟಿದೆ.

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಒಂದು ಹೊಸ ಸಂಗತಿಯನ್ನು ಖಚಿತಪಡಿಸಿಕೊಂಡರು. ದ್ರವದಲ್ಲಿ ಹಾದು ಚದುರಿದ ಬೆಳಕಿನ ಒಂದು ಅತ್ಯಲ್ಪ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಬದಲಾಯಿತೆಂಬುದು ಅಣುವಿನ ಬಂಧಗಳ ಕಂಪನವನ್ನು ಅವಲಂಬಿಸಿದೆ. ಹೀಗಾಗಿ ಪ್ರತಿ ಅಣುವಿಗೂ ಅದರದೇ ಬೆರಳಚ್ಚು. ಮಾರ್ಚ್ 16ರಂದು ರಾಮನ್ ಅವರು ಬೆಂಗಳೂರಿನಲ್ಲಿ ಉಪನ್ಯಾಸ ನೀಡಿ ಈ ಶೋಧವನ್ನು ವಿವರಿಸಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. 1948ರಲ್ಲಿ ನಿವೃತ್ತರಾದ ಮೇಲೆ ತಮ್ಮದೇ ಸಂಶೋಧನಾ ಸಂಸ್ಥೆಯಲ್ಲಿ ಕೊನೆಯವರೆಗೂ ದುಡಿದರು.

ಇಳಿವಯಸ್ಸಿನಲ್ಲಿ ಅವರ ಗಮನ ಹೂಗಳ ಬಣ್ಣದ ಕಡೆಗೆ, ಅಲ್ಲಿಂದ ಬಣ್ಣವನ್ನು ಕಾಣುವ ಕಣ್ಣಿನ ಕಡೆಗೆ ತಿರುಗಿತು. ಅವರ ಉಪಕರಣ ಬಹು ಸರಳ. ಬಣ್ಣದ ಗಾಜಿನ ಮೂಲಕ ಬೆಳಗುವ ಬಿಳಿ ಪರದೆಯನ್ನು ನೋಡುವುದು, ಗಾಜನ್ನು ಥಟ್ಟನೆ ಸರಿಸುವುದು. ಆಗ ಪರದೆಯ ಮೇಲೆ ನೋಡುವವನಿಗೆ ತನ್ನದೇ ಅಕ್ಷಿಪಟಲದ ಚಿತ್ರ ಹಿಗ್ಗಿ ಕಾಣುತ್ತದೆಂದು ಅವರು ಬರೆದರು. 1968ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ‘ದಿ ಫಿಸಿಯಾಲಜಿ ಆಫ್ ವಿಷನ್’ ಎಂಬ ಪುಸ್ತಕ ಪ್ರಕಟಿಸಿದರು. ಮೂರು ಮೂಲ ಸಂವೇದನೆಗಳಿಂದ ಎಲ್ಲ ಬಣ್ಣಗಳೂ ಹುಟ್ಟುತ್ತವೆಂಬ ಹಳೆಯ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ.

ಇಲ್ಲಿ ವಿಜ್ಞಾನಲೋಕ ಅವರ ಜೊತೆ ನಿಲ್ಲಲಿಲ್ಲ. 1964ರಲ್ಲೇ ಅಮೆರಿಕದಲ್ಲಿ ಎರಡು ತಂಡಗಳು ಕಣ್ಣಿನ ಒಂದೊಂದೇ ಶಂಕುಕೋಶದ ಮೇಲೆ ಬೆಳಕು ಹಾಯಿಸಿ, ಅವುಗಳಲ್ಲಿ ಮೂರು ಬಗೆಯಿರುವುದನ್ನು ಅಳೆದು ತೋರಿಸಿದ್ದವು. ಅವರಲ್ಲೊಬ್ಬರಾದ ಜಾರ್ಜ್ ವಾಲ್ಡ್, ದೃಷ್ಟಿಯ ರಸಾಯನವನ್ನು ಬಿಡಿಸಿದ್ದಕ್ಕಾಗಿ 1967ರ ನೊಬೆಲ್ ಹಂಚಿಕೊಂಡರು. ದೂರದರ್ಶನದಲ್ಲಿ ದುಡಿಯುವ ನನಗೆ ಇದಕ್ಕೆ ಸಾಕ್ಷಿ ದಿನವೂ ಕಣ್ಣೆದುರಿಗಿದೆ. ಬಣ್ಣದ ಟಿ.ವಿ. ಪರದೆಗೆ ಭೂತಗನ್ನಡಿ ಹಿಡಿದು ನೋಡಿ: ಕೆಂಪು, ಹಸಿರು, ನೀಲಿ ಚುಕ್ಕೆಗಳಷ್ಟೇ. ಅರಿಸಿನದ ಹಳದಿಯನ್ನು ಕೆಂಪು, ಹಸಿರು ಸೇರಿಸಿ ಕಾಣಿಸಲು ಸಾಧ್ಯವಾಗುವುದು ನಮ್ಮ ಕಣ್ಣು ಮೂರರ ಲೆಕ್ಕದಲ್ಲಿ ನಡೆಯುವುದರಿಂದಲೇ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಾಮನ್ ಪರಿಣಾಮಕ್ಕೆ ಒಂದು ಕೊರತೆಯಿತ್ತು. ಅದು ಬಹಳ ಕ್ಷೀಣ. ಪಾದರಸದ ದೀಪ ಹಚ್ಚಿ ಗಂಟೆಗಟ್ಟಲೆ ಕಾಯಬೇಕಿತ್ತು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಒಂದೇ ಬಣ್ಣದ ಆ ಪ್ರಖರ ಬೆಳಕು ರಾಮನ್ ರೋಹಿತಕ್ಕೆ ಹೊಸ ಜೀವ ಕೊಟ್ಟಿತು. ಲೇಸರಿನ ಬಣ್ಣವನ್ನು ಅಣು ಹೀರುವ ಬಣ್ಣಕ್ಕೆ ಹೊಂದಿಸಿದರೆ ಅದರ ಸಂಕೇತ ನೂರಾರು ಪಟ್ಟು ಹೆಚ್ಚುತ್ತದೆ. ರೊಡಾಪ್ಸಿನ್‌ಗೆ ಇದು ಹೇಳಿ ಮಾಡಿಸಿದಂತಿತ್ತು. ಹಸುವಿನ ರೊಡಾಪ್ಸಿನ್ 348 ಅಮೈನೋ ಆಮ್ಲಗಳ ದೊಡ್ಡ ಅಣು. ಬೆಳಕು ಹಿಡಿಯುವುದು ಅದರೊಳಗೆ ಅಡಗಿರುವ, ‘ಎ’ ಜೀವಸತ್ವದಿಂದಾದ ರೆಟಿನಾಲ್ ಎಂಬ ಚಿಕ್ಕ ತುಣುಕು. ಈ ಉಪಾಯದಿಂದ ಅದರ ದನಿಯೊಂದೇ ಗಟ್ಟಿಯಾಗಿ ಕೇಳುತ್ತದೆ. ತೊಂದರೆಯೆಂದರೆ, ನೋಡಲು ಬಿಟ್ಟ ಬೆಳಕೇ ಅದನ್ನು ಬದಲಿಸಿಬಿಡುತ್ತದೆ. ಸಂಶೋಧಕರು ಒಮ್ಮೆ ಮಾದರಿಯನ್ನು ಅತಿಶೀತಲಗೊಳಿಸಿದರು, ಮತ್ತೊಮ್ಮೆ ವೇಗವಾಗಿ ಹರಿಯಬಿಟ್ಟರು. ದನದ ಅಕ್ಷಿಪಟಲದಿಂದ ಇಂಥ ರೋಹಿತ ಪ್ರಕಟವಾದದ್ದು 1970ರಲ್ಲಿ. ಅದೇ ವರ್ಷ ನವೆಂಬರ್ 21ರಂದು ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡರು.

ಮುಂದೆ 1991ರಲ್ಲಿ ಅತಿ ಕ್ಷಣಿಕ ಲೇಸರ್ ಮಿಂಚುಗಳಿಂದ, ಬಾಗಿದ ರೆಟಿನಾಲ್ ಬೆಳಕು ತಗುಲಿದ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ನೆಟ್ಟಗಾಗುತ್ತದೆಂದು ಅಳೆದರು. ಒಂದು ಸೆಕೆಂಡನ್ನು ಐದು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು! ನೋಟ ಆರಂಭವಾಗುವುದೇ ಆ ಕ್ಷಣದಲ್ಲಿ. ಈ ರೆಟಿನಾಲಿಗೆ ಬೇಕಾದ ಜೀವಸತ್ವ ಸಾಲದಿದ್ದರೆ ಇರುಳುಗುರುಡು ಬರುತ್ತದೆ. ನುಗ್ಗೆಸೊಪ್ಪು, ಗಜ್ಜರಿ ತಿನ್ನಿರೆಂದು ಹಿರಿಯರು ಹೇಳುವುದು ಸುಮ್ಮನಲ್ಲ.

ವಿದ್ಯಾರ್ಥಿ ಮಿತ್ರರೇ, ಕಣ್ಣಿನ ಬಗ್ಗೆ ರಾಮನ್ ಕೊಟ್ಟ ಉತ್ತರ ನಿಲ್ಲಲಿಲ್ಲ. ನಲವತ್ತು ವರ್ಷ ಮೊದಲು ಅವರು ಕಂಡುಕೊಂಡ ದಾರಿಯೇ ಸರಿಯುತ್ತರದತ್ತ ಕರೆದೊಯ್ಯಿತು. ದೊಡ್ಡವರ ಹೆಸರನ್ನು ಗೌರವಿಸೋಣ, ಅವರ ಮಾತನ್ನು ಪ್ರಯೋಗದಿಂದ ಒರೆಗೆ ಹಚ್ಚೋಣ. ಸ್ವತಃ ಅವರೂ ಹಳೆಯ ಮಾತನ್ನು ಹಾಗೆಯೇ ನಂಬಿದವರಲ್ಲ.