50 ಸಹಿ ತಂದವರಿಗೇ ಸದಸ್ಯತ್ವ



ನಿಮ್ಮ ಸೊಸೈಟಿ ಮೀಟಿಂಗಿನಲ್ಲೋ, ಕನ್ನಡ ಸಂಘದ ಸಭೆಯಲ್ಲೋ ಯಾರಾದರೂ ಎದ್ದು ನಿಂತು "ಇದು ನಮ್ಮೆಲ್ಲರ ಅಭಿಪ್ರಾಯ" ಎಂದರೆ, "ಹಾಗಂತ ನಿಮಗೆ ಹೇಳಿದವರು ಯಾರು?" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬರುತ್ತದಲ್ಲವೇ? ಈ ಪ್ರಶ್ನೆಗೆ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಪುಣೆಯ ಜನ ಒಂದು ಉತ್ತರ ಹುಡುಕಿದ್ದರು.

ಪುಣೆಯ ಪರ್ವತಿ ಗುಡ್ಡವನ್ನು ನಿಮ್ಮಲ್ಲಿ ಹಲವರು ಹತ್ತಿರಬಹುದು. ಅಲ್ಲಿನ ದೇವಸ್ಥಾನದ ಆಡಳಿತದ ಬಗ್ಗೆ ಊರಿನವರಿಗೆ ಅಸಮಾಧಾನವಿತ್ತು. ಆದರೆ ಊರಿನ ಪರವಾಗಿ ಮಾತಾಡುವ ಅಧಿಕಾರ ಯಾರಿಗಿದೆ? ಈ ತೊಡಕಿನಿಂದಲೇ 1870ರ ಏಪ್ರಿಲ್ 2ರಂದು 'ಪುಣೆ ಸಾರ್ವಜನಿಕ ಸಭಾ' ಹುಟ್ಟಿತು. ಮುಂದೆ ನಿಂತವರು ವಕೀಲ ಗಣೇಶ ವಾಸುದೇವ ಜೋಶಿ. ಜನ ಅವರನ್ನು ಪ್ರೀತಿಯಿಂದ 'ಸಾರ್ವಜನಿಕ ಕಾಕಾ' ಎಂದೇ ಕರೆದರು.

ಸಭೆಯ ನಿಯಮ ಸರಳ, ಆದರೆ ಕಟ್ಟುನಿಟ್ಟು. ಸದಸ್ಯನಾಗಬೇಕಾದರೆ ಕನಿಷ್ಠ 50 ಜನರ ಸಹಿ ಇರುವ ಮುಖತ್ಯಾರ ಪತ್ರ ತರಬೇಕು. ಹೀಗೆ ಆರಂಭದಲ್ಲೇ 95 ಸದಸ್ಯರು ಸುಮಾರು 6,000 ಜನರ ಪರವಾಗಿ ಕುಳಿತರು. ಆಗಿನ್ನೂ ಸಾಮಾನ್ಯ ಜನರಿಗೆ ಮತದಾನದ ಹಕ್ಕೇ ಇರಲಿಲ್ಲ ಎಂಬುದನ್ನು ನೆನಪಿಡಿ.

ಸಹಿ ಬಂದರೆ ಸಾಕೇ? ಸಾಲದು, ವಿಷಯವೂ ತಿಳಿದಿರಬೇಕು. 1871ರಲ್ಲಿ ನ್ಯಾಯಾಧೀಶರಾಗಿ ಪುಣೆಗೆ ಬಂದ ಮಹಾದೇವ ಗೋವಿಂದ ರಾನಡೆ ಸಭೆಗೆ ಈ ಅಭ್ಯಾಸ ಹಿಡಿಸಿದರು. ಮೊದಲು ಮಾಹಿತಿ, ಆಮೇಲೆ ಚರ್ಚೆ, ಕೊನೆಗೆ ಮನವಿ. 1876-78ರ ಭೀಕರ ಬರದಲ್ಲಿ ಸಭೆ ಜಿಲ್ಲೆಗಳಿಗೆ ತನ್ನವರನ್ನು ಕಳಿಸಿ, ಅವರು ಕಂಡದ್ದನ್ನು ಸರ್ಕಾರಕ್ಕೆ ಪತ್ರಗಳ ಮೂಲಕ ತಿಳಿಸಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನೂ ಆ ಬರ ಬಿಟ್ಟಿರಲಿಲ್ಲ. 1878ರಿಂದ ಸಭೆಯ ತ್ರೈಮಾಸಿಕ ಪತ್ರಿಕೆಯೂ ಹೊರಟಿತು. ಕಂದಾಯ, ಸಾಲ, ಕೃಷಿಯಂಥ ವಿಷಯಗಳ ಮೇಲೆ ಅದರಲ್ಲಿ ಅಂಕಿಅಂಶಗಳ ಸಮೇತ ಲೇಖನಗಳು ಬಂದವು.

ಆದರೆ ಒಮ್ಮತ ಒಮ್ಮೆ ಬಂದರೆ ಸದಾ ಉಳಿಯುವುದಿಲ್ಲ. 1895ರಲ್ಲಿ ತಿಲಕರ ಬಳಗ ಸಭೆಯಲ್ಲಿ ಬಹುಮತ ಪಡೆಯಿತು. ರಾನಡೆ, ಗೋಖಲೆಯವರು ಹೊರನಡೆದು 1896ರಲ್ಲಿ ಡೆಕ್ಕನ್ ಸಭಾ ಕಟ್ಟಿದರು. ಅದೇ ಹೊತ್ತಿಗೆ ಮತ್ತೆ ಬರ ಬಂತು. ತಿಲಕರ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಿ, ಬೆಳೆ ಕೆಟ್ಟಾಗ ಕಂದಾಯದ ವಿಷಯದಲ್ಲಿ ನಿಮಗೆ ಹಕ್ಕಿದೆ ಎಂದು ರೈತರಿಗೆ ತಿಳಿಹೇಳಿದರು. 1897ರಲ್ಲಿ ಸರ್ಕಾರ ಈ ಸಭೆಗೆ ಕೊಟ್ಟಿದ್ದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು.

ಯಾರು ಸರಿ, ಯಾರು ತಪ್ಪು? ಇಬ್ಬರಿಗೂ ರೈತನ ಚಿಂತೆ ಇತ್ತು. ದಾರಿ ಬೇರೆಯಾಗಿತ್ತು, ಅಷ್ಟೇ. ಆದರೆ ಒಂದು ಮಾತು ನಿಜ. ಬಹುಮತದಿಂದ ಸಭೆ ಒಬ್ಬರ ಕೈಗೆ ಬರಬಹುದು, ಜೊತೆಗಿದ್ದವರೆಲ್ಲರ ಮನಸ್ಸು ಬರುವುದಿಲ್ಲ.

ನೀರಿನ ತೊಂದರೆಗೋ, ಕನ್ನಡ ಶಾಲೆಗೋ ನೀವೂ ಒಂದು ಮನವಿ ಬರೆಯುವ ದಿನ ಬರಬಹುದು. ಬರೆಯುವ ಮೊದಲು ಅಕ್ಕಪಕ್ಕದ 50 ಬಾಗಿಲು ತಟ್ಟಿ ನೋಡಿ. ಆಗ ಹಿಂದಿನ ಸಾಲಿನ ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರವಿರುತ್ತದೆ.