ಹೊಗೆ ಮತ್ತು ಬೆಂಕಿ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ದಿನಪತ್ರಿಕೆ ಹುಟ್ಟಿದ್ದು 1892ರಲ್ಲಿ. 1973ರಿಂದ ಅದು ವಿಶ್ವವಿದ್ಯಾಲಯದ ಹಂಗಿಲ್ಲದೆ ನಡೆದುಬಂದಿದೆ. ಆ ಸ್ವಾತಂತ್ರ್ಯಕ್ಕೆ ಸತ್ವಪರೀಕ್ಷೆ ಬಂದದ್ದು 2022ರ ನವೆಂಬರಿನಲ್ಲಿ.

ವಿಜ್ಞಾನಿಗಳು ಪ್ರಬಂಧಗಳ ಗುಣದೋಷಗಳನ್ನು ಬಹಿರಂಗವಾಗಿ ಚರ್ಚಿಸುವ 'ಪಬ್‌ಪಿಯರ್' ಎಂಬ ಜಾಲತಾಣವೊಂದುಂಟು. ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ನರವಿಜ್ಞಾನಿ ಮಾರ್ಕ್ ಟೆಸಿಯರ್-ಲವೀನ್ ಅವರ ಹಳೆಯ ಪ್ರಬಂಧಗಳಲ್ಲಿ ಚಿತ್ರಗಳನ್ನು ತಿದ್ದಿದಂತಿದೆ ಎಂಬ ಮಾತು ಅಲ್ಲಿ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಮೊದಲ ವರ್ಷದ ವಿದ್ಯಾರ್ಥಿ ಥಿಯೋ ಬೇಕರ್ ಅದನ್ನು ಕಂಡನು. ಕಂಡದ್ದನ್ನು ಹಾಗೆಯೇ ಅಚ್ಚುಹಾಕಲಿಲ್ಲ. ಚಿತ್ರಗಳ ಪರೀಕ್ಷೆಯಲ್ಲಿ ನುರಿತ ಎಲಿಸಬೆತ್ ಬಿಕ್ ಮೊದಲಾದವರ ಅಭಿಪ್ರಾಯ ಕೇಳಿ ಬರೆದನು.

ವಿಶ್ವವಿದ್ಯಾಲಯವು ವಿಜ್ಞಾನಿಗಳ ಸಮಿತಿಯೊಂದರಿಂದ ವಿಚಾರಣೆ ಮಾಡಿಸಿತು. ಅಧ್ಯಕ್ಷರೇ ತಿದ್ದಿದರೆಂಬುದಕ್ಕೆ ಆಧಾರ ಸಿಗಲಿಲ್ಲ. ತಪ್ಪುಗಳು ತಿಳಿದ ಮೇಲೂ ಅವನ್ನು ಸರಿಪಡಿಸಲು ಸಾಕಷ್ಟು ಶ್ರಮಿಸಲಿಲ್ಲವೆಂದು ವರದಿ ಹೇಳಿತು. 2023ರ ಜುಲೈ 19ರಂದು ಅವರು ರಾಜೀನಾಮೆ ಪ್ರಕಟಿಸಿದರು. ಮುಂದೆ ನಾಲ್ಕು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಲಾಯಿತು.

ಆದರೆ ಅದೇ ವರದಿಯಲ್ಲಿ ಪತ್ರಿಕೆಗೂ ಒಂದು ಪಾಠವಿತ್ತು. ಹೆಸರು ಬಯಲಾಗದವರ ಮಾತನ್ನು ಆಧರಿಸಿ 2009ರ ಪ್ರಬಂಧವೊಂದರ ಬಗ್ಗೆ ಪತ್ರಿಕೆ ಪ್ರಕಟಿಸಿದ್ದ ವಂಚನೆಯ ಆರೋಪ ತಪ್ಪೆಂದು ತೋರುತ್ತದೆ ಎಂದಿತು ಸಮಿತಿ.

ಜಾಲದಲ್ಲಿ ಕಾಣುವ ಮಾತು ಹೊಗೆಯಷ್ಟೆ. ಅದನ್ನು ನೋಡಿ ಕೂಗೆಬ್ಬಿಸುವುದು ಸುಲಭ. ಒಲೆಯವರೆಗೆ ನಡೆದು ಹೋಗಿ ನೋಡುವುದೇ ಪತ್ರಿಕೋದ್ಯೋಗ.